ಸಹಾಯ ಬೇಕು: ಫ್ಲಶ್ ಟ್ಯಾಂಕ್ ತುಂಬುವಾಗ ಜೋರು ಶಬ್ದ

ಎಲ್ಲರಿಗೂ ನಮಸ್ಕಾರ, ಪ್ಲಂಬಿಂಗ್ ಕೆಲ್ಸ ಗೊತ್ತಿರೋರು ಸ್ವಲ್ಪ ಹೇಳಿ. ನಮ್ಮನೆ ಟಾಯ್ಲೆಟ್‌ನಲ್ಲಿ ಗೋಡೆಗೆ ಹಾಕಿರೋ ಪ್ಲಾಸ್ಟಿಕ್ ಫ್ಲಶ್ ಟ್ಯಾಂಕು, ಫ್ಲಶ್ ಮಾಡಿದ್ಮೇಲೆ ಮೊದ್ಲು ಸುಮ್ನೆ ತುಂಬತ್ತೆ, ಮುಕ್ಕಾಲು ಆದ್ಮೇಲೆ ಕುಂಯ್ ಅಂತ ಕೂಗಕ್ಕೆ ಶುರು, ಕೊನೆಗೆ ನೀರು ನಿಲ್ಲೋ ಹೊತ್ತಿಗೆ ಗೋಡೆ ಒಳಗಿನ ಪೈಪೇ ಗಡಗಡ ಅಲ್ಲಾಡಿದ ಹಾಗೆ ಕೇಳತ್ತೆ. ಪಕ್ಕದ ರೂಮಲ್ಲಿ ಅತ್ತೆ ಮಲಗ್ತಾರೆ, ಅವರಿಗೆ ನಿದ್ದೆ ಬರೋದೇ ಕಷ್ಟ, ರಾತ್ರಿ ಯಾರು ಎದ್ದು ಹೋದ್ರೂ ಎಚ್ಚರ ಆಗ್ಬಿಡತ್ತೆ, ಅದಕ್ಕೆ ಈಗ ರಾತ್ರಿ ಹೊತ್ತು ಬಕೆಟ್‌ನಲ್ಲೇ ನೀರು ಹಾಕ್ತಿದ್ದೀವಿ.

ನಾವಿರೋದು ತುಮಕೂರು ಕಡೆ, ಬೋರ್‌ವೆಲ್ ನೀರು, ತುಂಬಾ ಗಡಸು, ನಲ್ಲಿಗೆಲ್ಲ ಬಿಳಿ ಪೊರೆ ಕಟ್ಟತ್ತೆ. ಮುಚ್ಚಳ ತೆಗೆದು ಬಾಲ್ ಇರೋ ಕಡ್ಡಿನ ಸ್ವಲ್ಪ ಮೇಲೆತ್ತಿದ್ರೆ ಶಬ್ದ ಜಾಸ್ತಿ, ಕೆಳಗೆ ಒತ್ತಿದ್ರೆ ನಿಂತೋಗತ್ತೆ, ಅಂದ್ರೆ ತೊಂದ್ರೆ ಫ್ಲೋಟ್ ವಾಲ್ವ್ (ಟ್ಯಾಂಕ್ ತುಂಬಿದ್ಮೇಲೆ ಬಾಲ್ ಮೇಲೆದ್ದು ನೀರು ನಿಲ್ಲಿಸೋ ಭಾಗ) ಹತ್ರಾನೇ ಅನ್ಸತ್ತೆ. ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬಿಡೋ ಗೋಡೆ ಮೇಲಿನ ಸಣ್ಣ ನಲ್ಲಿ) ಅರ್ಧ ತಿರುಗಿಸಿ ಫೋರ್ಸ್ ಕಮ್ಮಿ ಮಾಡಿದ್ರೆ ಶಬ್ದಾನೂ ಕಮ್ಮಿ, ಆದ್ರೆ ಟ್ಯಾಂಕ್ ತುಂಬಕ್ಕೆ ತುಂಬಾ ಹೊತ್ತು ಹಿಡಿಯತ್ತೆ.

ಪ್ಲಂಬರ್ ಬಂದು ನೋಡಿ ಪೂರ್ತಿ ಟ್ಯಾಂಕೇ ಬದಲಾಯ್ಸಿ ಅಂದ್ರು. ಅದ್ರಲ್ಲಿ ಒಂದು ಬಿರುಕೂ ಇಲ್ಲ, ಎಸೆಯಕ್ಕೆ ಮನಸ್ಸು ಬರ್ತಿಲ್ಲ. ವಾಲ್ವ್ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ, ಒಳಗಿನ ರಬ್ಬರ್ ವಾಷರ್ ಮಾತ್ರ ಹೊಸದು ಹಾಕಿದ್ರೆ ಸಾಕಾ, ಇಲ್ಲ ವಾಲ್ವೇ ಬದಲಾಯಿಸ್ಬೇಕಾ? ಅರ್ಧ ಇಂಚಿಂದು ತಂದ್ರೆ ಎಲ್ಲಾ ಟ್ಯಾಂಕಿಗೂ ಕೂರತ್ತಾ? ಹಿತ್ತಾಳೆದು ಜಾಸ್ತಿ ಬಾಳಿಕೆ ಬರತ್ತಾ, ಪ್ಲಾಸ್ಟಿಕ್‌ದಾ? ಗಡಸು ನೀರಲ್ಲಿ ಬಳಸಿರೋರು ದಯವಿಟ್ಟು ಹೇಳಿ, ಬೇಕಂದ್ರೆ ಟ್ಯಾಂಕ್ ಒಳಗಿನ ಫೋಟೋ ಹಾಕ್ತೀನಿ.