‘ಪ್ರಾಸ್ಪೆಕ್ಟ್’ಗೆ ಕನ್ನಡದಲ್ಲಿ ಏನಂತೀವಿ? ‘ಆದಾನು’ ನಡೆಯುತ್ತಾ?

ಎಲ್ರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳ್ಬೇಕಿತ್ತು. ಪದ ಒಂದೇ ಆದ್ರೂ ಅದರ ಜೊತೆ ಇನ್ನೆರಡು ಅಂಟ್ಕೊಂಡು ಬಂದಿವೆ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ನಾನಿರೋದು ಮಿಶಿಗನ್ನಲ್ಲಿ, ಗ್ರ್ಯಾಂಡ್ ರಾಪಿಡ್ಸ್ ಹತ್ರ. ಪಕ್ಕದ ಕಾಮ್‌ಸ್ಟಾಕ್ ಪಾರ್ಕ್‌ನಲ್ಲಿ ವೆಸ್ಟ್ ಮಿಶಿಗನ್ ವೈಟ್‌ಕ್ಯಾಪ್ಸ್ ಅಂತ ಬೇಸ್‌ಬಾಲ್ ತಂಡ ಇದೆ, 1994ರಿಂದ ಆಡ್ತಿದೆ, 1997ರಿಂದ ಡೆಟ್ರಾಯ್ಟ್ ಟೈಗರ್ಸ್‌ಗೆ ಸೇರಿದ ಮೈನರ್ ಲೀಗ್ ತಂಡ. ಏಪ್ರಿಲ್ ಮೊದಲ ವಾರ ಸೀಸನ್ ಶುರು ಆಗುತ್ತೆ, ಆಗ ನಾನು ತಪ್ಪದೆ ಹೋಗ್ತೀನಿ, ನೋಡಿದ್ದನ್ನ ಊರಲ್ಲಿರೋ ಗೆಳೆಯರಿಗೆ ಕನ್ನಡದಲ್ಲೇ ಬರೆದು ಕಳಿಸ್ತೀನಿ. ಅವರೆಲ್ಲ ಕ್ರಿಕೆಟ್ ಅರೆದು ಕುಡಿದವರು, ಬೇಸ್‌ಬಾಲ್ ಗೊತ್ತಿಲ್ಲ. ಹಾಗೆ ಬರೆಯುವಾಗ ಪ್ರತಿ ಸಲ ಕೈ ನಿಲ್ಲೋದು ‘ಪ್ರಾಸ್ಪೆಕ್ಟ್’ ಅನ್ನೋ ಪದದ ಹತ್ರ, ಅಂದ್ರೆ ಮುಂದೆ ಮೇಲಿನ ಲೀಗ್ ಮುಟ್ಟಬಹುದು ಅಂತ ಕಣ್ಣಿಟ್ಟಿರೋ ಹುಡುಗ.

ಹಿನ್ನೆಲೆ ಚುಟುಕಾಗಿ ಹೇಳ್ತೀನಿ. ಮೇಲಿನ ಲೀಗಿನಲ್ಲಿ, ಅಂದ್ರೆ ಮೇಜರ್ ಲೀಗಿನಲ್ಲಿ, 30 ತಂಡ, ಒಂದೊಂದಕ್ಕೂ ಕೆಳಗೆ ನಾಲ್ಕು ತಂಡ, 2021ರಿಂದ ಒಟ್ಟು 120. ಟೈಗರ್ಸ್‌ಗೆ ಸೇರಿದ ಹುಡುಗ ಫ್ಲೋರಿಡಾದ ಲೇಕ್‌ಲ್ಯಾಂಡಲ್ಲಿ ಆಡ್ತಾನೆ, ಅಲ್ಲಿ ಪಾಸಾದ್ರೆ ನಮ್ಮ ಕಾಮ್‌ಸ್ಟಾಕ್ ಪಾರ್ಕ್‌ಗೆ ಬರ್ತಾನೆ, ಆಮೇಲೆ ಪೆನ್ಸಿಲ್ವೇನಿಯಾದ ಈರೀ, ಆಮೇಲೆ ಒಹಾಯೋದ ಟೊಲೀಡೊ, ಅದೂ ದಾಟಿದ್ರೆ ಡೆಟ್ರಾಯ್ಟ್. ಈ ಮೈನರ್ ಲೀಗನ್ನ ‘ಕಿರಿಯರ ಲೀಗ್’ ಅಂತ ಬರೆದ್ರೆ ನಮ್ಮವರು ಅಂಡರ್ 19 ಅಂದ್ಕೊಂಡುಬಿಡ್ತಾರೆ. ಇವರು ಸಂಬಳಕ್ಕೆ ಆಡೋರು, ಇಪ್ಪತ್ತು ಇಪ್ಪತ್ಮೂರು ವಯಸ್ಸಿನವರು, ಕೆಲವರಿಗೆ ಮದುವೆಯಾಗಿ ಮಕ್ಕಳೂ ಇರ್ತಾರೆ. ‘ಕೆಳಹಂತದ ಲೀಗ್’ ಅನ್ನೋದು ಸರಿ ಹೊಂದುತ್ತೆ, ಅದನ್ನೇ ಇಟ್ಕೊಂಡಿದೀನಿ, ಇದರ ಬಗ್ಗೆ ನಂಗೆ ತಕರಾರಿಲ್ಲ.

ತಕರಾರಿರೋದು ಪ್ರಾಸ್ಪೆಕ್ಟ್ ಬಗ್ಗೆ. ನಮ್ಮ ಪೇಪರ್‌ನವರು ಕ್ರಿಕೆಟ್‌ಗೆ ‘ಉದಯೋನ್ಮುಖ ಆಟಗಾರ’, ‘ಭರವಸೆಯ ಆಟಗಾರ’ ಅಂತ ಬರೀತಾರೆ. ಎರಡೂ ಒಳ್ಳೇ ಪದಗಳೇ, ಆದ್ರೆ ಎರಡೂ ಹೊಗಳಿಕೆ. ಉದಯೋನ್ಮುಖ ಅಂದ್ರೆ ಸೂರ್ಯ ಹುಟ್ಟೋದು ಗ್ಯಾರಂಟಿ, ಹೊತ್ತಿನ ಪ್ರಶ್ನೆ ಅಷ್ಟೆ. ಭರವಸೆ ಅಂದ್ರಂತೂ ಇನ್ನೂ ಗಟ್ಟಿ, ಮಂತ್ರಿಗಳು ಭರವಸೆ ಕೊಡ್ತಾರೆ, ಬ್ಯಾಂಕ್ ಕೊಡುತ್ತೆ, ಅದ್ರಲ್ಲಿ ಮಾತು ಕೊಟ್ಟ ಅರ್ಥ ಇದೆ. ಪ್ರಾಸ್ಪೆಕ್ಟ್ ಅನ್ನೋ ಹುಡುಗ ಯಾರಿಗೂ ಮಾತು ಕೊಟ್ಟಿಲ್ಲ. ಅವನು ಆಗಬಹುದು, ಆಗದೇ ಇರಬಹುದು, ಕೆಳಗಿನ ಮೆಟ್ಟಿಲಲ್ಲಿ ಆಡೋರಲ್ಲಿ ಮೇಲಿನ ತನಕ ಮುಟ್ಟೋರು ಕಮ್ಮಿ ಜನ. ಆ ಅನುಮಾನ ಪದದ ಒಳಗೇ ಇರ್ಬೇಕು, ಅದಿಲ್ದಿದ್ರೆ ಓದೋರಿಗೆ ಸುಳ್ಳು ಹೇಳಿದ ಹಾಗಾಗುತ್ತೆ.

ಇದು ಯಾಕಿಷ್ಟು ಮುಖ್ಯ ಅನ್ನೋದು ಏಪ್ರಿಲ್ ಚಳಿಯಲ್ಲಿ ಕೂತ್ರೆ ಚೆನ್ನಾಗಿ ಅರ್ಥ ಆಗುತ್ತೆ. ಸಂಜೆ ಆಟ ಶುರುವಾಗೋ ಹೊತ್ತಿಗೆ 40 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ನಾಲ್ಕೈದು ಸೆಲ್ಸಿಯಸ್, ಕತ್ತಲಾದ ಮೇಲೆ ಇನ್ನೂ ಇಳಿಯುತ್ತೆ. ಕುರ್ಚಿಗಳು ಮುಕ್ಕಾಲು ಪಾಲು ಖಾಲಿ, ಇರೋರು ಕಂಬಳಿ ಹೊದ್ಕೊಂಡಿರ್ತಾರೆ, ಬ್ಯಾಟರ್ ನಿಲ್ಲೋ ಹೋಮ್ ಪ್ಲೇಟ್ ಹಿಂದೆ ಮಾತ್ರ ಸ್ಕೌಟ್‌ಗಳು, ಅಂದ್ರೆ ಆಟಗಾರರನ್ನ ಅಳೆದು ನೋಡೋರು, ಚೆಂಡಿನ ವೇಗ ಅಳೆಯೋ ರೇಡಾರ್ ಗನ್ನು ಸ್ಟಾಪ್‌ವಾಚು ಹಿಡ್ಕೊಂಡು ಎದ್ದೇಳದೆ ಕೂತಿರ್ತಾರೆ. ಲೇಕ್‌ಲ್ಯಾಂಡಿನಿಂದ ಬಂದ ಹುಡುಗರಲ್ಲಿ ಎಷ್ಟೋ ಜನ ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಕಡೆಯವರು, ಅಲ್ಲಿಂದ ಫ್ಲೋರಿಡಾಗೆ ಬಂದು ಬಿಸಿಲಲ್ಲೇ ಆಡಿದವರು, ಅಂಥವರಿಗೆ ಚಳಿಯಲ್ಲಿ ಆಡೋ ಮೊದಲನೇ ಸೀಸನ್ ಇದೇ. ಪಿಚರ್‌ಗೆ, ಅಂದ್ರೆ ಚೆಂಡು ಎಸೆಯೋನಿಗೆ, ಅದು ನುಣುಪಾಗಿ ಕೈಯಿಂದ ಜಾರುತ್ತೆ, ತಿರುವು ಚೆಂಡು ಬೆರಳಿಗೆ ಕಚ್ಕೊಳ್ಳಲ್ಲ. ಅಂಗೈಗೆ ಬಾಯಿಂದ ಬಿಸಿ ಉಸಿರು ಬಿಟ್ಕೊಳ್ಳೋಕೂ ಒಂದು ನಿಯಮ ಇದೆ ನೋಡಿ: ಚಳಿಯ ದಿನ ಆಟಕ್ಕೆ ಮುಂಚೆ ಎರಡೂ ತಂಡದ ಮ್ಯಾನೇಜರ್‌ಗಳು ಒಪ್ಪಿದ್ರೆ ಮಾತ್ರ ಅಂಪೈರ್ ಅದಕ್ಕೆ ಅನುಮತಿ ಕೊಡಬಹುದು. ಬ್ಯಾಟರ್ ಹೊಡೆದ ಚೆಂಡಿಗೂ ಭಾರದ ಗಾಳಿ ಅಡ್ಡ ನಿಲ್ಲುತ್ತೆ, 70 ಡಿಗ್ರಿಯಲ್ಲಿ 400 ಅಡಿ ಹೋಗೋ ಹೊಡೆತ 40 ಡಿಗ್ರಿಯಲ್ಲಿ ಸುಮಾರು 10 ಅಡಿ ಹಿಂದೆ ಬೀಳುತ್ತೆ, ಬೇಲಿ ದಾಟಬೇಕಾದ್ದು ಫೀಲ್ಡರ್ ಕೈಗೆ ಹೋಗುತ್ತೆ.

ಅಂದ್ರೆ ಮೊದಲ ಎರಡು ವಾರದ ಅಂಕಿ ನೋಡಿ ಯಾರನ್ನೂ ಅಳೆಯೋಕಾಗಲ್ಲ. ಬ್ಯಾಟಿಂಗ್ ಸರಾಸರಿಯಲ್ಲಿ .180 ಹೊಡೀತಿರೋ ಹುಡುಗ ಜೂನ್‌ನಲ್ಲಿ .300ಕ್ಕೆ ಬರಬಹುದು. ಆದ್ರೆ ಚಳಿಯಲ್ಲೂ ನಂಬಬಹುದಾದ ಕೆಲವು ಇವೆ, ನಾನು ನೋಡೋದು ಅವನ್ನೇ. ಚೆಂಡು ಹೊರಗೆ ಹೋಗುವಾಗ ಬ್ಯಾಟ್ ಎತ್ತದೆ ಬಿಡ್ತಾನಾ, ಅದು ಕಣ್ಣಿನ ಕೆಲಸ, ಚಳಿಗೆ ಸಂಬಂಧ ಇಲ್ಲ. ಬ್ಯಾಟರ್ ಹಿಂದೆ ಕೂರೋ ಕ್ಯಾಚರ್ ಚೆಂಡು ಹಿಡಿದು ಎರಡನೇ ಬೇಸಿಗೆ ಮುಟ್ಟಿಸೋಕೆ ಎರಡು ಸೆಕೆಂಡು ತಗೋತಾನಾ ಅದಕ್ಕಿಂತ ಕಮ್ಮಿನಾ. ಬಲಗೈ ಬ್ಯಾಟರ್ ಹೊಡೆದು ಮೊದಲ ಬೇಸ್ ಮುಟ್ಟೋಕೆ 4.3 ಸೆಕೆಂಡಿನ ಆಸುಪಾಸು ತಗೊಂಡ್ರೆ ಸಾಧಾರಣ ಓಟ ಅಂತ ಲೆಕ್ಕ. ಔಟಾಗೋದು ಖಚಿತ ಅಂತ ಗೊತ್ತಿದ್ದೂ ಕೊನೇ ತನಕ ಓಡ್ತಾನಾ. ಎರಡನೇ ಮೂರನೇ ಬೇಸ್ ನಡುವೆ ನಿಲ್ಲೋ ಫೀಲ್ಡರ್, ಶಾರ್ಟ್‌ಸ್ಟಾಪ್‌ನ ಪಾದ ಚೆಂಡು ಬರೋಕೆ ಮುಂಚೆ ಎತ್ತ ತಿರುಗಿತ್ತು. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅಂತೀವಲ್ಲ, ಯಾವ ಮೊಳಕೆ ನೋಡ್ಬೇಕು ಅನ್ನೋದೇ ಇಲ್ಲಿ ಎಲ್ಲಾ.

ಸ್ಕೌಟ್‌ಗಳು ಇದನ್ನ 20ರಿಂದ 80ರ ಒಳಗೆ ಅಂಕ ಹಾಕಿ ಬರೀತಾರೆ, 50 ಅಂದ್ರೆ ಮೇಲಿನ ಲೀಗಿನ ಸಾಧಾರಣ ಮಟ್ಟ. ಹೊಡೆತ, ಬಲ, ಓಟ, ಎಸೆತ, ಫೀಲ್ಡಿಂಗ್, ಒಂದೊಂದಕ್ಕೂ ಎರಡು ಅಂಕ, ಈಗ ಎಷ್ಟು, ಮುಂದೆ ಎಷ್ಟಾಗಬಹುದು. ‘ಈಗ 35, ಮುಂದೆ 55’. ಈ ಎರಡನೇ ಅಂಕ ನೋಡಿದಾಗ್ಲೇ ನಂಗೆ ಹೊಳೆದಿದ್ದು, ಇದನ್ನ ಹೇಳೋಕೆ ಕನ್ನಡದಲ್ಲಿ ನಾಮಪದ ಹುಡುಕೋದೇ ಬೇಡ, ನಮಗೆ ಕ್ರಿಯಾಪದದ ಒಂದು ರೂಪವೇ ಇದೆಯಲ್ಲ ಅಂತ. ಶಾಲೆ ವ್ಯಾಕರಣದಲ್ಲಿ ಸಂಭಾವನಾರ್ಥಕ ಅಂತ ಓದಿದ್ದು: ಬಂದಾನು, ಹೋದಾನು, ಮಳೆ ಬಂದೀತು. ‘ಇವನು ಮುಂದೆ ಶಾರ್ಟ್‌ಸ್ಟಾಪ್ ಆದಾನು’. ‘ಈಗ ಹೊಡೀತಿಲ್ಲ, ಬಿಸಿಲು ಬಂದ್ಮೇಲೆ ಹೊಡೆದಾನು’. ಆಗ್ತಾನೆ ಅಂತಲ್ಲ, ಆಗಲ್ಲ ಅಂತಲೂ ಅಲ್ಲ. ಎದುರಿಗೆ ‘ಆಗಲಾರ’ ಅಂತ ಸಿದ್ಧವಾಗಿ ಕೂತಿದೆ. ಸ್ಕೌಟ್ ರಿಪೋರ್ಟ್‌ನ ಪೂರ್ತಿ ಸಾರ ಈ ಎರಡು ಪದದಲ್ಲಿ ಬಂದುಬಿಡುತ್ತೆ. ಇಂಗ್ಲಿಷ್‌ನವರಿಗೆ ‘ಮೇ’, ‘ಮೈಟ್’ ಅಂತ ಬೇರೆ ಪದ ಪಕ್ಕಕ್ಕಿಡಬೇಕು, ನಮಗೆ ಪ್ರತ್ಯಯದಲ್ಲೇ ಮುಗೀತು. ಇಂಥ ರೂಪ ಮಾತಲ್ಲಿ ಕಳ್ಕೊಳ್ತಾ ಇದೀವಲ್ಲ ಅಂತ ನಂಗೆ ನಿಜವಾಗಿ ಹೊಟ್ಟೆ ಉರಿಯುತ್ತೆ.

ಇಲ್ಲೇ ನನ್ನ ಪ್ರಶ್ನೆ. ಈ ರೂಪ ನಿಮ್ಮ ಕಡೆ ಮಾತಲ್ಲಿ ಎಷ್ಟು ಉಳಿದಿದೆ? ನಮ್ಮ ಮೈಸೂರು ಕಡೆ ‘ಬಿದ್ದೀಯಾ, ಹುಷಾರು’ ಅಂತ ಮಕ್ಕಳಿಗೆ ಹೇಳ್ತಾರೆ, ಅದು ಜೀವಂತವಾಗಿದೆ, ಆದ್ರೆ ಅಲ್ಲಿ ಇರೋದು ಹೆದರಿಕೆ. ‘ಆದಾನು’ ಅಂತ ಆಸೆ ಇಟ್ಕೊಂಡು ಹೇಳೋದು ಹಳಬರ ಬಾಯಲ್ಲಿ ಮಾತ್ರ ಕೇಳಿದೀನಿ, ಈಗಿನವರು ‘ಆಗ್ಬೋದು’ ಅಂತಾರೆ. ಕರಾವಳಿ ಕಡೆಯವರು ‘ಆದೀತು’ ಅಂದ್ರೆ ಸರಿ, ಒಪ್ಪಿದೆ ಅಂತ ಅರ್ಥ ಮಾಡ್ಕೊಳ್ತಾರೆ, ಹಾಗಾದ್ರೆ ಅವರಿಗೆ ‘ಆದಾನು’ ಕೂಡ ಗಟ್ಟಿ ಮಾತಾಗಿ ಕೇಳುತ್ತಾ?

ಇನ್ನೂ ದೊಡ್ಡ ತೊಡಕು ಧಾರವಾಡದ ಕಡೆಯದು. ಅಲ್ಲಿ ‘ಬಂದಾನ’ ಅಂದ್ರೆ ಬಂದಿದ್ದಾನೆ ಅಂತ, ಬಂದು ಆಗಿದೆ. ‘ಆಗ್ಯಾನ’ ಅಂದ್ರೆ ಆಗಿದ್ದಾನೆ. ನಾನು ‘ಹುಡುಗ ಬಂದಾನು’ ಅಂತ ಬರೆದ್ರೆ ಆ ಕಡೆಯವರು ಕೊನೇ ಉಕಾರ ಗಮನಿಸದೆ ಓದಿ, ಅವನು ಆಗ್ಲೇ ಡೆಟ್ರಾಯ್ಟ್ ಮುಟ್ಟಿದಾನೆ ಅಂದ್ಕೋತಾರಾ? ಒಂದು ಸ್ವರದಲ್ಲಿ ಅರ್ಥ ಪೂರಾ ಉಲ್ಟಾ ಆಗುತ್ತಲ್ಲ. ಧಾರವಾಡ, ಬೆಳಗಾವಿ, ವಿಜಯಪುರ ಕಡೆಯವರು ದಯವಿಟ್ಟು ಹೇಳಿ, ಓದುವಾಗ ಗೊಂದಲ ಆಗುತ್ತಾ, ಆಗೋದಾದ್ರೆ ಈ ‘ಆದಾನು’ ಅನ್ನೋ ಅರ್ಥಕ್ಕೆ ನೀವು ಏನಂತೀರಿ?

ನಾಮಪದ ಪೂರ್ತಿ ಬಿಡೋಕೂ ಆಗಲ್ಲ. ‘ಟಾಪ್ 30 ಪ್ರಾಸ್ಪೆಕ್ಟ್ಸ್’ ಅಂತ ಒಂದೊಂದು ತಂಡಕ್ಕೂ ಪಟ್ಟಿ ಬರುತ್ತೆ, ಅದಕ್ಕೆ ತಲೆಬರಹ ಬೇಕಲ್ಲ. ಇದಕ್ಕೆ ನಂಗೆ ಗದ್ದೆ ಕಡೆ ಕಣ್ಣು ಹೋಯ್ತು, ಅದೂ ಸುಮ್ಮನೆ ಅಲ್ಲ. ಕೆಳಗಿನ ತಂಡಗಳ ಈ ವ್ಯವಸ್ಥೆಗೆ ಇಲ್ಲಿ ‘ಫಾರ್ಮ್’ ಅಂತಲೇ ಹೆಸರು, 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಬ್ರಾಂಚ್ ರಿಕಿ ಇದನ್ನ ಕಟ್ಟಿ ನಿಲ್ಲಿಸಿದ್ದು, ಹೊರಗಿಂದ ದುಡ್ಡು ಕೊಟ್ಟು ಆಟಗಾರರನ್ನ ತರೋ ಬದಲು ತಾವೇ ಬೆಳೆಸೋದು ಅಂತ. ನಮ್ಮಲ್ಲಿ ಭತ್ತಕ್ಕೆ ಮಂಡ್ಯದ ಕಡೆ ‘ಒಟ್ಲು’ ಬಿಡ್ತಾರೆ, ಮಲೆನಾಡಲ್ಲಿ ‘ಅಗೆ’ ಹಾಕ್ತಾರೆ, ಪುಸ್ತಕದಲ್ಲಿ ‘ಸಸಿಮಡಿ’. ಒಂದು ಕಡೆ ಒತ್ತೊತ್ತಾಗಿ ಬೆಳೆಸಿ, ಕಿತ್ತು, ಇನ್ನೊಂದು ಕಡೆ ನಾಟಿ ಮಾಡೋದು, ಚಳಿಯಲ್ಲಿ ಬಿಟ್ಟ ಒಟ್ಲು ಮೇಲೇಳೋದು ನಿಧಾನ. ‘ಟೈಗರ್ಸ್ ಒಟ್ಲಿನ 30 ಹುಡುಗರು’ ಅಂದ್ರೆ ಹೇಗೆ? ನಂಗೆ ತುಂಬಾ ಇಷ್ಟ ಆಗಿದೆ, ಆದ್ರೆ ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗೆ ಒಟ್ಲು ಅಂದ್ರೆ ಏನು ಅಂತ ಮತ್ತೆ ವಿವರಿಸ್ಬೇಕಾದೀತು. ಸಸಿಮಡಿ ಎಲ್ರಿಗೂ ಗೊತ್ತಾಗುತ್ತೆ, ಆದ್ರೆ ಕೃಷಿ ಇಲಾಖೆ ಕರಪತ್ರದ ವಾಸನೆ ಬರುತ್ತೆ.

ಈ ಪದಗಳೆಲ್ಲ ಎಷ್ಟು ಬೇಗ ಹಳತಾಗ್ತವೆ ಅನ್ನೋದಕ್ಕೆ ಒಂದು ಉದಾಹರಣೆ. 2023ರ ಡ್ರಾಫ್ಟ್‌ನಲ್ಲಿ, ಅಂದ್ರೆ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನ ಆರಿಸ್ಕೊಳ್ಳೋವಾಗ, ಟೈಗರ್ಸ್ ಮೂರನೇ ಆಯ್ಕೆಯಾಗಿ ಮ್ಯಾಕ್ಸ್ ಕ್ಲಾರ್ಕ್‌ನ ತಗೊಂಡ್ರು, 37ನೆಯವನಾಗಿ ಕೆವಿನ್ ಮೆಗಾನಿಗಲ್‌ನ. ಇಬ್ರೂ ಹೈಸ್ಕೂಲ್ ಹುಡುಗರು. 2025ರಲ್ಲಿ ಇಬ್ರೂ ನಮ್ಮ ಕಾಮ್‌ಸ್ಟಾಕ್ ಪಾರ್ಕ್‌ನಲ್ಲಿ ಆಡಿದ್ರು, ಜುಲೈನಲ್ಲಿ ಈರೀಗೆ ಹೋದ್ರು, ಆ ವರ್ಷ ವೈಟ್‌ಕ್ಯಾಪ್ಸ್ ಮಿಡ್‌ವೆಸ್ಟ್ ಲೀಗ್ ಗೆದ್ದಿದ್ದೂ ಆಯ್ತು. ಏಪ್ರಿಲ್‌ನಲ್ಲಿ ಅವರ ಬಗ್ಗೆ ‘ಆದಾರು’ ಅಂತ ಬರೆದಿದ್ದನ್ನ ಜುಲೈಗೇ ತಿದ್ದಬೇಕಾಗಿತ್ತು. ಅವರ ಜೊತೆ ಅದೇ ಚಳಿಯಲ್ಲಿ ಆಡಿದ ಎಷ್ಟೋ ಹುಡುಗರು ಈರೀ ತನಕವೂ ಹೋಗಿರಲ್ಲ, ಅವರ ಬಗ್ಗೆ ಬರೆಯುವಾಗಲೂ ಅದೇ ‘ಆದಾರು’ ಬೇಕು, ಅದಕ್ಕೇ ನಂಗೆ ‘ಭರವಸೆ’ ಬೇಡ ಅನ್ಸೋದು.

ಕೊನೇದಾಗಿ ಒಂದು ಚಿಕ್ಕದು. ಚಳಿಯಲ್ಲಿ ಚೆಂಡು ಬ್ಯಾಟಿನ ಹಿಡಿ ಹತ್ರಾನೋ ತುದೀಲೋ ಬಡಿದ್ರೆ ಕೈಗೆ ಒಂಥರಾ ಆಗುತ್ತೆ, ಹುಡುಗರು ಬ್ಯಾಟ್ ಬಿಸಾಕಿ ಕೈ ಒದರ್ತಾರೆ. ಕಾಲೇಜಿನಿಂದ ಬಂದವರು ಅಲ್ಲಿ ತನಕ ಲೋಹದ ಬ್ಯಾಟ್ ಹಿಡಿದವರು, ಇಲ್ಲಿ ಮರದ್ದು, ಅದಕ್ಕೆ ಹೊಂದ್ಕೊಳ್ಳೋ ಹೊತ್ತಿಗೇ ಈ ಚಳಿ. ಕಾರ್ಕ್ ಬಾಲ್ ಆಡಿದವರಿಗೆಲ್ಲ ಈ ನೋವು ಗೊತ್ತಿರುತ್ತೆ. ‘ಜೋಮು’ ಅನ್ನೋದು ಸರಿ ಹೋಗಲ್ಲ, ಅದು ಕೈಕಾಲು ಒತ್ಕೊಂಡು ಕೂತಾಗ ಬರೋದು. ‘ಮರಗಟ್ಟೋದು’ ಚಳಿಯಿಂದ ಆಗೋದು, ಏಟಿನಿಂದ ಅಲ್ಲ. ನಾವು ಆಡುವಾಗ ‘ಕೈ ಜುಂ ಅಂತು’ ಅಂತಿದ್ವಿ, ಆದ್ರೆ ‘ಮೈ ಜುಂ ಅಂತು’ ಅಂದ್ರೆ ರೋಮಾಂಚನ ಆಗೋದಕ್ಕೂ ಬಳಸ್ತೀವಿ. ಏಟು, ಅದುರು, ಉರಿ ಮೂರೂ ಸೇರಿದ ಒಂದೇ ಪದ ನಿಮ್ಮೂರಲ್ಲಿ ಇದ್ರೆ ಯಾವ ತಾಲ್ಲೂಕು ಅಂತ ಸೇರಿಸಿ ಬರೀರಿ. ಮುಂದಿನ ಮಂಗಳವಾರ ಹೊಸ ಸರಣಿ ಶುರು, ಅಷ್ಟರಲ್ಲಿ ಸಿಕ್ರೆ ಆ ಬರಹದಲ್ಲೇ ಬಳಸ್ತೀನಿ.