ಕಾರ್ಯಪ್ಪನವರ ಮಗ, ದೊಡ್ಡಪ್ಪನ ಫಾರ್ವರ್ಡ್

ಗ್ರೂಪ್: ನಮ್ಮ ಮನೆಯವರು

ದೊಡ್ಡಪ್ಪ: (ಫಾರ್ವರ್ಡ್) 1971ರ ಯುದ್ಧ!! ಜನರಲ್ ಕಾರ್ಯಪ್ಪನವರ ಮಗ ಪಾಕಿಸ್ತಾನದ ಸೆರೆಯಲ್ಲಿ. ಬಿಡುತ್ತೇವೆ ಎಂದರೂ ಅಪ್ಪ ನನಗೆ ಮಗ ಬೇಡ, ದೇಶ ಸಾಕು ಎಂದರು. ಹತ್ತು ಜನಕ್ಕೆ ಕಳಿಸಿ 🇮🇳

ದೊಡ್ಡಪ್ಪ: ಈಗಿನ ಮಕ್ಕಳು ಓದಬೇಕು. ಹೆತ್ತವರ ಫೋನ್ ಎತ್ತುವುದಕ್ಕೂ ಪುರುಸೊತ್ತಿಲ್ಲ.

ಹಾಸನದ ಅತ್ತೆ: ಕಣ್ಣಲ್ಲಿ ನೀರು ಬಂತು ಅಣ್ಣಾ 🙏🙏

ಸುಬ್ಬು: ದೊಡ್ಡಪ್ಪ, ಇದು ಎಲ್ಲಿಂದ ಬಂತು? ಇದರ ಜೊತೆ ಬಂದ ಫೋಟೊದಲ್ಲಿ ಇರುವುದು ಕಾರ್ಯಪ್ಪ ಅಲ್ಲ, ಮಾಣೆಕ್ ಶಾ.

ದೊಡ್ಡಪ್ಪ: ಎಲ್ಲದಕ್ಕೂ ಸಾಕ್ಷಿ ಕೇಳುವುದು ನಿನ್ನ ಚಾಳಿ. ಗದ್ದೆ ಪಾಲು ಮಾಡುವಾಗಲೂ ಇದೇ.

ಸುಬ್ಬು: ಪತ್ರ ಕೇಳಿದ್ದಕ್ಕೇ ಅಲ್ವಾ ಅಳತೆ ತಪ್ಪಿದ್ದು ಗೊತ್ತಾಗಿದ್ದು?

ಮೈಸೂರು ಮಾವ: ಗದ್ದೆ ವಿಷಯ ಇಲ್ಲಿ ಬೇಡ.

ಪುಟ್ಟಿ ಅಕ್ಕ: ಕಾರ್ಯಪ್ಪ ಅಂದರೆ ಮಡಿಕೇರಿ ನೆನಪಾಗುತ್ತೆ. ರಾಜಾ ಸೀಟಿನಲ್ಲಿ ಮಂಜು ಕವಿದು ನಾವೆಲ್ಲ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತಿದ್ದೆವಲ್ಲ! ಅತ್ತೆ ಪುಳಿಯೋಗರೆ ಕಟ್ಟಿ ತಂದಿದ್ದರು.

ಹಾಸನದ ಅತ್ತೆ: ಚಿತ್ರಾನ್ನ ಕಣೇ. ಆ ಡಬ್ಬಿ ಇನ್ನೂ ನಿಮ್ಮ ಮನೆಯಲ್ಲೇ ಇದೆ.

ಸುಬ್ಬು: ಒಂದು ನಿಮಿಷ ಇದನ್ನು ಓದಿ. ಅದು 1965ರ ಯುದ್ಧ. ಮಗ ನಂದಾ ವಾಯುಪಡೆಯ ಪೈಲಟ್. ಸೆಪ್ಟೆಂಬರ್ 22ರಂದು, ಇನ್ನೇನು ಯುದ್ಧ ನಿಲ್ಲಬೇಕು, ಅವರ ಹಂಟರ್ ವಿಮಾನವನ್ನು ಹೊಡೆದು ಉರುಳಿಸಿದರು. ಸೆರೆ ಸಿಕ್ಕರು. ಅಪ್ಪ ನಿವೃತ್ತರಾಗಿ ಮಡಿಕೇರಿಯಲ್ಲಿ ರೋಶನಾರಾ ಎಂಬ ತಮ್ಮ ಮನೆಯಲ್ಲಿದ್ದರು. ನಂದಾ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಅಂಥ ಮಗ ಅದು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನನ್ನು ಬಿಟ್ಟುಕೊಡುತ್ತೇವೆ ಎಂದು ಹೇಳಿಕಳಿಸಿದರು. ಕಾರ್ಯಪ್ಪ ಮಗ ಬೇಡ ಎನ್ನಲೇ ಇಲ್ಲ! ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂದರು. ಇಷ್ಟು ದೊಡ್ಡ ಮಾತನ್ನು ಮಗನನ್ನು ದೂಡಿದ ಕಥೆ ಮಾಡಿಬಿಟ್ಟರೆ ಸಂಕಟ ಆಗುತ್ತದೆ.

ಮೈಸೂರು ಮಾವ: ನಂದಾ 1966ರಲ್ಲಿ ವಾಪಸ್ ಬಂದರು. ಮುಂದೆ ಏರ್ ಮಾರ್ಷಲ್ ಆದರು. ಇನ್ನೊಂದು, ಅಪ್ಪ ಬರೀ ಜನರಲ್ ಅಲ್ಲ, ಫೀಲ್ಡ್ ಮಾರ್ಷಲ್. 1953ರಲ್ಲಿ ನಿವೃತ್ತಿ, ಆ ಪದವಿ ಕೊಟ್ಟಿದ್ದು 1986ರಲ್ಲಿ. 33 ವರ್ಷ ತಡ! ತೀರಿಕೊಂಡಿದ್ದು 1993ರಲ್ಲಿ, ತೊಂಬತ್ತು ದಾಟಿತ್ತು.

ಪುಟ್ಟಿ ಅಕ್ಕ: ಜನವರಿ 15 ಸೇನಾ ದಿನ ಅವರಿಂದಲೇ ಅಲ್ವಾ?

ಮೈಸೂರು ಮಾವ: ಹೌದಮ್ಮಾ. 1949ರಲ್ಲಿ ಅದೇ ದಿನ ಬ್ರಿಟಿಷ್ ಜನರಲ್ ಬುಚರ್ ಅವರಿಂದ ಸೇನೆಯ ಅಧಿಕಾರ ವಹಿಸಿಕೊಂಡರು. ಆ ಜಾಗಕ್ಕೆ ಬಂದ ಮೊದಲ ಭಾರತೀಯ.

ದೊಡ್ಡಪ್ಪ: ನಾನು ಹೇಳಿದ್ದೂ ಅದೇ ತ್ಯಾಗ. ವರ್ಷ ಹೆಚ್ಚುಕಮ್ಮಿ ಇರಬಹುದು. ಎಲ್ಲರ ಎದುರು ದೊಡ್ಡವರಿಗೆ ಹೀಗೆ ಹೇಳುವುದಾ? ಗೃಹಪ್ರವೇಶಕ್ಕೂ ಬರಲಿಲ್ಲ ಇವನು.

ಸುಬ್ಬು: ಪರೀಕ್ಷೆ ಇತ್ತು ದೊಡ್ಡಪ್ಪ, ಆಗಲೇ ಹೇಳಿದ್ದೆ. ಸಂಜೆ ನಾನೇ ಫೋನ್ ಮಾಡುತ್ತೇನೆ. ಇದನ್ನು ಮಾತ್ರ ಅಳಿಸಿಬಿಡಿ. ನೀವು ಕಳಿಸಿದರೆ ಜನ ನಂಬುತ್ತಾರೆ.

ಹಾಸನದ ಅತ್ತೆ: ಅಳಿಸಿಬಿಡಿ ಅಣ್ಣಾ. ಹುಡುಗ ಬರೆದದ್ದೇ ಚೆನ್ನಾಗಿದೆ.

ದೊಡ್ಡಪ್ಪ: ಮೂರು ಗ್ರೂಪಿಗೆ ಹೋಗಿ ಆಯಿತು. ಇವನು ಬರೆದದ್ದನ್ನೂ ಅಲ್ಲಿಗೆ ಹಾಕುತ್ತೇನೆ. ಏಳು ಗಂಟೆ ಮೇಲೆ ಫೋನ್ ಮಾಡು, ವಾಕಿಂಗ್ ಮುಗಿದಿರುತ್ತದೆ.