‘ದಿ ಡೆತ್ ಆಫ್ ಸ್ಟಾಲಿನ್’ ನೋಡಿ ನಕ್ಕೆ, ‘ಚೆರ್ನೋಬಿಲ್’ ನೋಡಿ ನಿದ್ದೆ ಬರಲಿಲ್ಲ. ಎರಡನ್ನೂ ಒಟ್ಟಿಗೆ ಹೇಗೆ ವಿಮರ್ಶೆ ಮಾಡೋದು?

ಕೊನೇಸಾಲಿನವನು:

ಎಲ್ಲರಿಗೂ ನಮಸ್ಕಾರ. ನಮ್ಮ ಸಿನಿಮಾ ಬಳಗದಲ್ಲಿ ಮುಂದಿನ ಭಾನುವಾರ ನಾನು ಮಾತಾಡಬೇಕು. ಎರಡನ್ನು ಆರಿಸಿಕೊಂಡಿದ್ದೇನೆ. ಒಂದು, ಅರ್ಮಾಂಡೊ ಇಯನೂಚಿ ನಿರ್ದೇಶನದ ‘ದಿ ಡೆತ್ ಆಫ್ ಸ್ಟಾಲಿನ್’, 2017ರ ಚಿತ್ರ. ಇನ್ನೊಂದು 2019ರಲ್ಲಿ ಎಚ್‌ಬಿಒದಲ್ಲಿ ಬಂದ ಐದು ಕಂತಿನ ಧಾರಾವಾಹಿ ‘ಚೆರ್ನೋಬಿಲ್’, 1986ರ ಅಣುಸ್ಥಾವರ ಸ್ಫೋಟದ ಕಥೆ. ಎರಡೂ ಸೋವಿಯತ್ ಒಕ್ಕೂಟದ ಕಥೆ. ಎರಡರಲ್ಲೂ ಜನ ಸಾಯುತ್ತಾರೆ, ಎರಡರಲ್ಲೂ ಮೇಲೆ ಕೂತವರು ಸುಳ್ಳು ಹೇಳುತ್ತಾರೆ. ಆದರೂ ಮೊದಲನೆಯದರಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಒಂದು ದೃಶ್ಯ ಹೇಳುತ್ತೇನೆ. ಸ್ಟಾಲಿನ್ ತನ್ನ ಕೋಣೆಯಲ್ಲಿ ಪಾರ್ಶ್ವವಾಯು ಹೊಡೆದು ಬಿದ್ದಿದ್ದಾನೆ, ಬಟ್ಟೆಯಲ್ಲೇ ಮೂತ್ರ ಆಗಿದೆ. ಸುತ್ತ ನಿಂತಿರೋರು ದೇಶ ಆಳುವ ಮಂತ್ರಿಗಳು. ಡಾಕ್ಟರನ್ನು ಕರೆಸೋಣ ಅಂದರೆ ಸಭೆಗೆ ಬೇಕಾದಷ್ಟು ಜನ ಸೇರಿ ಸಮಿತಿಯ ಕೋರಂ ಆಗಲಿ ಅಂತ ಕಾಯುತ್ತಾರೆ! ಆಮೇಲೆ ನೆನಪಾಗುತ್ತದೆ, ಒಳ್ಳೆಯ ಡಾಕ್ಟರುಗಳೆಲ್ಲ ಒಂದೋ ಸೆರೆಯಲ್ಲಿದ್ದಾರೆ ಇಲ್ಲವೇ ಸತ್ತಿದ್ದಾರೆ. ನಾನು ಜೋರಾಗಿ ನಕ್ಕೆ. ಜೊತೆಗೆ ನೋಡುತ್ತಿದ್ದ ನಮ್ಮ ದೊಡ್ಡಪ್ಪ ಮಾತ್ರ ನಗಲಿಲ್ಲ. “ಲಕ್ಷಗಟ್ಟಲೆ ಜನ ಸತ್ತ ಕಾಲ ಕಣೋ ಅದು, ಸಾವಿನ ಮನೇಲಿ ಕೂತು ಹಲ್ಲು ಕಿರಿಯೋದಾ?” ಅಂದರು. ಅವರ ಮಾತು ತಲೆಯಿಂದ ಹೋಗುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟು. ತಮಾಷೆ ಸಿನಿಮಾ ಇತಿಹಾಸವನ್ನು ಹಿಂದೆ ಮುಂದೆ ಮಾಡಿದರೆ ಸುಲಭವಾಗಿ ಬೈತೀವಿ. ಗಂಭೀರ ಧಾರಾವಾಹಿ ಅದನ್ನೇ ಮಾಡಿದರೆ ಪಠ್ಯಪುಸ್ತಕ ಅನ್ನೋ ಹಾಗೆ ನಂಬುತ್ತೀವಿ. ಇದು ಸರಿನಾ? ಮತ್ತೆ, ದೊಡ್ಡಪ್ಪನಿಗೆ ಏನು ಹೇಳಲಿ? ಗೊತ್ತಿದ್ದವರು ದಯವಿಟ್ಟು ಬರೀರಿ.

ಇತಿಹಾಸದ ಮೇಷ್ಟ್ರು:

ಒಳ್ಳೆಯ ಜೋಡಿ ಆರಿಸಿದ್ದೀಯಪ್ಪ. ಮೊದಲು ನೀನು ನಕ್ಕ ದೃಶ್ಯಕ್ಕೇ ಬರೋಣ, ಯಾಕಂದ್ರೆ ಅದರ ಬೇರು ನಿಜದಲ್ಲೇ ಇದೆ.

1953ರ ಮಾರ್ಚ್ 1. ಮಾಸ್ಕೋ ಹತ್ತಿರದ ಕುಂತ್ಸೆವೊ ಬಂಗಲೆ. ಬೆಳಗ್ಗೆಯಿಂದ ಸ್ಟಾಲಿನ್ ಕೋಣೆ ಬಿಟ್ಟು ಹೊರಗೆ ಬಂದಿಲ್ಲ. ಕರೆಯದೆ ಒಳಗೆ ಹೋಗೋ ಧೈರ್ಯ ಕಾವಲಿನವರಿಗೆ ಇಲ್ಲ. ರಾತ್ರಿ ಆದ ಮೇಲೆ ಹೋಗಿ ನೋಡಿದರೆ ನೆಲದ ಮೇಲೆ ಬಿದ್ದಿದ್ದಾನೆ. ಡಾಕ್ಟರುಗಳು ಬಂದದ್ದು ಮರುದಿನ ಬೆಳಗ್ಗೆ. ಅದೇ ವರ್ಷ ಜನವರಿಯಲ್ಲಿ ‘ವೈದ್ಯರ ಪಿತೂರಿ’ ಅಂತ ಸುಳ್ಳು ಆರೋಪ ಹೊರಿಸಿ ಹೆಸರಾಂತ ವೈದ್ಯರನ್ನು ಜೈಲಿಗೆ ಹಾಕಿದ್ದ ವಿಷಯ ಪತ್ರಿಕೆಗಳಲ್ಲಿ ಬಂದಿತ್ತು. ಮಾರ್ಚ್ 5ಕ್ಕೆ ಆತ ಸತ್ತ. ತಾನೇ ಹುಟ್ಟಿಸಿದ ಭಯ ಕೊನೆಗೆ ಅವನ ಬಾಗಿಲಿಗೇ ಅಗುಳಿ ಹಾಕಿತ್ತು. ಕೋರಂ ಮಾತು ಚಿತ್ರದವರು ಸೇರಿಸಿಕೊಂಡಿದ್ದು, ಭಯ ಮಾತ್ರ ಅವರು ಸೇರಿಸಿದ್ದಲ್ಲ.

ಈಗ ತಪ್ಪುಗಳಿಗೆ ಬರೋಣ. ಚಿತ್ರದಲ್ಲಿ ಅಂತ್ಯಕ್ರಿಯೆ ಮುಗಿಯುತ್ತಿದ್ದ ಹಾಗೆ ಗುಪ್ತ ಪೊಲೀಸರ ಮುಖ್ಯಸ್ಥ ಬೆರಿಯಾನನ್ನು ಹಿಡಿದು, ಅಲ್ಲೇ ವಿಚಾರಣೆ ಮಾಡಿದ ಶಾಸ್ತ್ರ ಮಾಡಿ ಕೊಲ್ಲುತ್ತಾರೆ. ನಿಜದಲ್ಲಿ ಅವನನ್ನು ಹಿಡಿದದ್ದು ಜೂನ್ 26ಕ್ಕೆ, ಗುಂಡಿಕ್ಕಿದ್ದು ಡಿಸೆಂಬರ್ 23ಕ್ಕೆ. ಹೆಚ್ಚುಕಮ್ಮಿ ಹತ್ತು ತಿಂಗಳ ಕಥೆಯನ್ನು ಕೆಲವೇ ದಿನಗಳಿಗೆ ಹಿಂಡಿದ್ದಾರೆ. ಚಿತ್ರದ ಆಧಾರವೇ ಒಂದು ಫ್ರೆಂಚ್ ಕಾಮಿಕ್ಸ್ ಪುಸ್ತಕ, ದಾಖಲೆ ಅಂತ ಯಾರೂ ಹೇಳಿಕೊಂಡಿಲ್ಲ. ನಟರಿಗೆ ರಷ್ಯನ್ ಧಾಟಿಯ ಇಂಗ್ಲಿಷ್ ಆಡಿಸಲೂ ಇಲ್ಲ. ಮುಂದೆ ದೇಶ ಆಳಿದ ಕ್ರುಶ್ಚೇವ್ ಆಗಿರುವ ಸ್ಟೀವ್ ಬುಶೆಮಿ ಅಮೆರಿಕದವರ ಹಾಗೇ ಮಾತಾಡುತ್ತಾರೆ. ‘ಇದು ನಾಟಕ ಕಣ್ರಪ್ಪ’ ಅಂತ ಚಿತ್ರ ಮೊದಲ ನಿಮಿಷದಿಂದಲೇ ಒಪ್ಪಿಕೊಂಡ ಹಾಗಾಯಿತು. ನನಗೆ ಅದು ಪ್ರಾಮಾಣಿಕ ಅನ್ನಿಸುತ್ತದೆ.

ರಷ್ಯಾ ಸರ್ಕಾರಕ್ಕೆ ಹಾಗನ್ನಿಸಲಿಲ್ಲ ಬಿಡಿ. 2018ರ ಜನವರಿಯಲ್ಲಿ, ಬಿಡುಗಡೆಗೆ ಇನ್ನೇನು ಎರಡು ದಿನ ಇದೆ ಅನ್ನುವಾಗ ಪ್ರದರ್ಶನದ ಪರವಾನಗಿ ವಾಪಸ್ ತಗೊಂಡರು.

ನಿಮ್ಮ ದೊಡ್ಡಪ್ಪನ ಮಾತನ್ನು ಸುಮ್ನೆ ತಳ್ಳಿಹಾಕಬೇಡ. ಯಾರನ್ನು ನೋಡಿ ನಗುತ್ತಿದ್ದೀವಿ ಅಂತ ಅವರನ್ನೇ ಕೇಳು. ಈ ಚಿತ್ರ ಮಂತ್ರಿಗಳ ಪಕ್ಕ ನಿಂತು ಕಥೆ ಹೇಳುತ್ತದೆ. ಪಟ್ಟಿ ಹಿಡಿದು ‘ಇವನನ್ನು ಮೊದಲು ಕೊಲ್ಲಿ, ಅವನನ್ನು ಆಮೇಲೆ’ ಅನ್ನೋರು ಅವರು. ಸಾಯೋನನ್ನು ನೋಡಿ ನಗು ಅಂತ ಚಿತ್ರ ಎಲ್ಲೂ ಹೇಳುವುದಿಲ್ಲ. ಕೈದಿಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿಡುವ ದೃಶ್ಯ ನೆನಪಿದೆಯಲ್ವಾ? ಒಬ್ಬೊಬ್ಬರೇ ಬೀಳುತ್ತಾ ಬರುತ್ತಾರೆ, ಮಧ್ಯದಲ್ಲಿ ನಿಲ್ಲಿಸಿ ಅಂತ ಆದೇಶ ಬರುತ್ತದೆ. ಈಗಷ್ಟೇ ಬಿದ್ದವನು ಹೋದ, ಅವನ ಪಕ್ಕದವನು ಉಳಿದ. ಅಲ್ಲಿ ನಗೋಕೆ ಬಾಯಿ ಬರುತ್ತದಾ?

ಕರಾವಳಿ ಹುಡುಗಿ:

ಮೇಷ್ಟ್ರೇ, ನೀವು ಹೇಳಿದ್ದು ಒಪ್ಪುತ್ತೇನೆ. ಆದ್ರೆ ‘ಚೆರ್ನೋಬಿಲ್’ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಗಂಭೀರವಾದದ್ದು ಅಂದ ತಕ್ಷಣ ಅದು ಸತ್ಯ ಮುಚ್ಚಿಡುತ್ತದೆ ಅಂತ ಅನುಮಾನ ಪಡೋದು ನ್ಯಾಯ ಅಲ್ಲ.

ಹೌದು, ಬದಲಾವಣೆ ಮಾಡಿದ್ದಾರೆ, ಜಾಸ್ತಿನೇ ಮಾಡಿದ್ದಾರೆ. ಐದನೇ ಕಂತಿನಲ್ಲಿ ವಿಜ್ಞಾನಿ ಲೆಗಾಸೊವ್ ಕೋರ್ಟಿನಲ್ಲಿ ನಿಂತು, ಕೆಂಪು ನೀಲಿ ಫಲಕಗಳನ್ನು ಒಂದೊಂದಾಗಿ ಸಿಗಿಸುತ್ತಾ ಸ್ಥಾವರ ಹೇಗೆ ಸ್ಫೋಟಿಸಿತು ಅಂತ ವಿವರಿಸುತ್ತಾರಲ್ಲ, ಆ 1987ರ ವಿಚಾರಣೆಗೆ ನಿಜವಾದ ಲೆಗಾಸೊವ್ ಹೋಗಿರಲೇ ಇಲ್ಲ. ಹೆಲಿಕಾಪ್ಟರ್ ಬಿದ್ದದ್ದು ನಿಜ, ಆದರೆ ಧಾರಾವಾಹಿ ತೋರಿಸುವ ಹಾಗೆ ಮೊದಲ ದಿನಗಳಲ್ಲಿ ಅಲ್ಲ, ತಿಂಗಳುಗಳ ನಂತರ ಅಕ್ಟೋಬರಿನಲ್ಲಿ, ಕ್ರೇನಿನ ತಂತಿಗೆ ರೆಕ್ಕೆ ತಾಗಿ. ಉಲಾನಾ ಖೋಮ್ಯುಕ್ ಅನ್ನೋ ವಿಜ್ಞಾನಿ ಇರಲೇ ಇಲ್ಲ. ಇಷ್ಟನ್ನೂ ಒಪ್ಪಿಕೊಳ್ಳುತ್ತೇನೆ.

ಆದರೆ ಖೋಮ್ಯುಕ್ ಕಲ್ಪಿತ ಪಾತ್ರ, ಹಲವು ವಿಜ್ಞಾನಿಗಳ ಪ್ರತಿನಿಧಿ ಅಂತ ಕೊನೆಯ ಕಂತಿನ ಕೊನೆಗೆ ಅವರೇ ಬರೆದು ತೋರಿಸಿದ್ದಾರೆ. ಬರೆದ ಕ್ರೇಗ್ ಮೇಜಿನ್ ಪ್ರತಿ ಕಂತಿನ ಜೊತೆ ಒಂದು ಪಾಡ್‌ಕಾಸ್ಟ್ ಮಾಡಿ, ಎಲ್ಲಿ ಏನು ಬದಲಾಯಿಸಿದ್ದೇವೆ, ಯಾಕೆ ಅಂತ ಬಾಯಿಬಿಟ್ಟು ಹೇಳಿದರು. ಸ್ಟಾಲಿನ್ ಚಿತ್ರದವರು ಇಷ್ಟು ಮಾಡಿದ್ದಾರಾ? ಇಂಗ್ಲಿಷ್ ಧಾಟಿಯಲ್ಲಿ ಮಾತಾಡಿದ ಮಾತ್ರಕ್ಕೆ ನೋಡೋರಿಗೆ ಡಿಸೆಂಬರ್ ಯಾವುದು, ಮಾರ್ಚ್ ಯಾವುದು ಅಂತ ಗೊತ್ತಾಗಿಬಿಡುತ್ತಾ?

ಇನ್ನೊಂದು ಮಾತು. ‘ಚೆರ್ನೋಬಿಲ್’ ಒಳಗೂ ಕರಾಳ ಹಾಸ್ಯ ಇದೆ, ಯಾರೂ ಗಮನಿಸೋದಿಲ್ಲ ಅಷ್ಟೇ. ಮೊದಲ ಕಂತಿನ ಆ 3.6 ರಾಂಟ್ಜೆನ್ (ವಿಕಿರಣದ ಅಳತೆ) ನೋಡಿ. ಅಳತೆ ಎಷ್ಟು ಬಂತು ಅಂತ ಸ್ಥಾವರದ ಉಪ ಮುಖ್ಯ ಎಂಜಿನಿಯರ್ ದ್ಯಾಟ್ಲೊವ್ ಕೇಳುತ್ತಾನೆ. 3.6 ಅನ್ನುತ್ತಾರೆ, ಜೊತೆಗೆ ‘ಆದ್ರೆ ಮೀಟರ್ ತೋರಿಸೋದೇ ಅಷ್ಟು’ ಅಂತಾರೆ. ಅವನು ಮೊದಲರ್ಧ ಮಾತ್ರ ಕೇಳಿಸಿಕೊಳ್ಳುತ್ತಾನೆ. ತೀರಾ ಒಳ್ಳೆಯದಲ್ಲ, ತೀರಾ ಕೆಟ್ಟದ್ದೂ ಅಲ್ಲ ಅಂದುಬಿಡುತ್ತಾನೆ. ಅದೇ ಸಂಖ್ಯೆ ಅವನ ಬಾಯಿಂದ ಸ್ಥಾವರದ ನಿರ್ದೇಶಕನಿಗೆ, ಅಲ್ಲಿಂದ ಮಾಸ್ಕೋಗೆ ಹೋಗುತ್ತದೆ. ಬೇರೆ ಮೀಟರ್ ತಂದರೆ ಅದೂ 200ಕ್ಕೆ ಹೋಗಿ ನಿಲ್ಲುತ್ತದೆ, ಆಗ ಮೀಟರೇ ಕೆಟ್ಟಿದೆ ಅಂತಾರೆ. ಎರಡನೇ ಕಂತಿನಲ್ಲಿ ಒಬ್ಬ ಜನರಲ್ ತಾನೇ ಲಾರಿಯಲ್ಲಿ ಹತ್ತಿರ ಹೋಗಿ ಅಳೆದು ಬಂದು ಹೇಳುತ್ತಾನೆ, 3.6 ಅಲ್ಲ, 15,000. ಈ ದೃಶ್ಯಗಳಿಗೂ ಸ್ಟಾಲಿನ್ ಚಿತ್ರದ ಕೋರಂ ದೃಶ್ಯಕ್ಕೂ ಏನು ವ್ಯತ್ಯಾಸ? ಎರಡು ಕಡೆಯೂ ಇರೋದನ್ನು ಇದೆ ಅನ್ನೋಕೆ ಹೆದರಿಕೆ. ಒಂದು ಕಡೆ ನಗು ಬರುತ್ತದೆ. ಇನ್ನೊಂದು ಕಡೆ ಬರೋದಿಲ್ಲ, ಯಾಕಂದ್ರೆ ಅದೇ ಹೊತ್ತಿಗೆ ಹೊರಗೆ ಬೆಂಕಿ ಆರಿಸೋ ಹುಡುಗ ಸ್ಥಾವರದ ಒಡಲಿಂದ ಸಿಡಿದ ಗ್ರಾಫೈಟ್ ತುಂಡನ್ನು ಕೈಯಲ್ಲಿ ಎತ್ತಿಕೊಂಡಿರೋದನ್ನು ನಮಗೆ ತೋರಿಸಿಬಿಟ್ಟಿದ್ದಾರೆ.

ಮೂರನೇ ಕಂತಿನ ಕಲ್ಲಿದ್ದಲು ಮಂತ್ರಿಯನ್ನೂ ಮರೆಯಬೇಡಿ. ಗಣಿ ಕಾರ್ಮಿಕರನ್ನು ಚೆರ್ನೋಬಿಲ್‌ಗೆ ಕರೆಯೋಕೆ ತಿಳಿಬಣ್ಣದ ಗರಿಗರಿ ಸೂಟ್ ಹಾಕಿಕೊಂಡು ಬರುತ್ತಾನೆ. ಅವರು ಹೊರಡುವಾಗ ಒಬ್ಬೊಬ್ಬರೇ ಮಸಿ ಮೆತ್ತಿದ ಕೈಯಿಂದ ಅವನ ಭುಜ, ಎದೆ ತಟ್ಟಿ ಹೋಗುತ್ತಾರೆ. ಕೊನೆಗೆ ಒಬ್ಬ, ‘ಈಗ ಕಲ್ಲಿದ್ದಲು ಮಂತ್ರಿ ಥರ ಕಾಣ್ತೀಯ’ ಅಂತಾನೆ. ಐದು ಕಂತಿನಲ್ಲಿ ನಾನು ಮನಸಾರೆ ನಕ್ಕಿದ್ದು ಅಲ್ಲಿ ಮಾತ್ರ.

ಕಾರವಾರದವನು:

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ನನ್ನದು ಚಿಕ್ಕ ಮಾತು. ನಮ್ಮ ಕಡೆ ಕೈಗಾ ಇದೆಯಲ್ಲ, ಈ ಧಾರಾವಾಹಿ ನೋಡಿದವರು ತಕ್ಷಣ ‘ಹಾಗಾದ್ರೆ ನಮ್ಮದೂ?’ ಅಂತ ಕೇಳುತ್ತಾರೆ. ಚೆರ್ನೋಬಿಲ್‌ನದು ಗ್ರಾಫೈಟ್ ಬಳಸುವ ಸ್ಥಾವರ, ಅದಕ್ಕೆ ಪೂರ್ತಿ ಮುಚ್ಚುವ ಕಾಂಕ್ರೀಟ್ ಗುಮ್ಮಟ ಇರಲಿಲ್ಲ. ಕೈಗಾದ್ದು ಭಾರಜಲದ ಸ್ಥಾವರ, ಗುಮ್ಮಟ ಇದೆ. ಕಟ್ಟುವಾಗ 1994ರಲ್ಲಿ ಅದೇ ಗುಮ್ಮಟದ ಒಳಪದರ ಕುಸಿದದ್ದೂ ನಿಜ, ನಮ್ಮ ಹಿರಿಯರು ಅದನ್ನು ಇನ್ನೂ ನೆನೆಸಿಕೊಳ್ಳುತ್ತಾರೆ. ಎರಡೂ ಒಂದೇ ಅಂತ ಹೆದರಿಸೋದೂ ಬೇಡ, ಏನೂ ಆಗಲ್ಲ ಅಂತ ಸಮಾಧಾನ ಮಾಡೋದೂ ಬೇಡ.

ನನಗೆ ಜಾಸ್ತಿ ತಟ್ಟಿದ್ದು ಸ್ಥಾವರದ ಪಕ್ಕದ ಊರು ಪ್ರಿಪ್ಯತ್ ಖಾಲಿ ಮಾಡಿಸಿದ್ದು. ಏಪ್ರಿಲ್ 26ರ ನಡುರಾತ್ರಿ 1.23ಕ್ಕೆ ಸ್ಫೋಟ ಆದರೆ ಬಸ್ಸುಗಳು ಹೊರಟಿದ್ದು 27ರ ಮಧ್ಯಾಹ್ನ. ಸುಮಾರು 36 ಗಂಟೆ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರು. ಇದರಲ್ಲಿ ಯಾವ ಕಲ್ಪನೆಯೂ ಬೇಕಾಗಲಿಲ್ಲ.

ಮಂಡ್ಯದ ಹೈದ:

ಸಾವು, ನಗು ಅಂತೆಲ್ಲ ಮಾತಾಡ್ತಾ ಇದ್ದೀರಿ, ಯಾರೂ ‘ತಿಥಿ’ ಹೆಸರೇ ಎತ್ತಲಿಲ್ಲವಲ್ಲ ಗುರು! ರಾಮ್ ರೆಡ್ಡಿ ಚಿತ್ರ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಗೊಂಡು 2016ರಲ್ಲಿ ಇಲ್ಲಿ ಬಿಡುಗಡೆ ಆಯಿತು. ನಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲೇ ತೆಗೆದದ್ದು, ನಟಿಸಿದವರೂ ಹಳ್ಳಿಯವರೇ.

ದೊಡ್ಡಪ್ಪನಿಗೆ ಸ್ಟಾಲಿನ್ ಬಿಟ್ಟು ಮೊದಲು ಇದನ್ನು ತೋರಿಸು. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಯಲ್ಲಿ ಹೋಗೋರಿಗೆ ಬರೋರಿಗೆ ಬೈತಾ ಕೂತಿದ್ದವರು, ಎದ್ದು ನಾಲ್ಕು ಹೆಜ್ಜೆ ನಡೆದು ಬಿದ್ದು ಸಾಯುತ್ತಾರೆ. ಥಿಯೇಟರಿನಲ್ಲಿ ಎಲ್ಲರೂ ನಗುತ್ತಿದ್ದರು. ಹನ್ನೊಂದನೇ ದಿನದ ತಿಥಿಗೆ ಕುರಿ ಹೊಂದಿಸಬೇಕು, ಊಟ ಹಾಕಿಸಬೇಕು, ಸಾಲ ಮಾಡಬೇಕು. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ. ಅದಕ್ಕೆ ಬದುಕಿರೋ ಅಪ್ಪ ಗಡ್ಡಪ್ಪನ ಹೆಸರಿಗೇ ಮರಣ ಪತ್ರ ಮಾಡಿಸಿ, ಕೈಗೆ ದುಡ್ಡು ಕೊಟ್ಟು ಊರು ಸುತ್ತಿಕೊಂಡು ಬಾ ಅಂತ ಕಳಿಸುತ್ತಾನೆ. ಗಡ್ಡಪ್ಪನಿಗೆ ಜಮೀನೂ ಬೇಡ, ಮನೆಯೂ ಬೇಡ. ಜೇಬಿನಲ್ಲಿ ಒಂದು ಟೈಗರ್ ಬಾಟ್ಲಿ ಇದ್ದರೆ ಸಾಕು. ಕುರಿ ಕಾಯೋರ ಜೊತೆ ಬೆಂಕಿ ಮುಂದೆ ಕೂತು ತನ್ನ ಕಥೆ ಹೇಳುವಾಗ, ಈ ಮನುಷ್ಯ ಯಾಕೆ ಹೀಗೆ ಎಲ್ಲ ಬಿಟ್ಟು ತಿರುಗುತ್ತಾನೆ ಅಂತ ಗೊತ್ತಾಗುತ್ತದೆ. ಆಗ ನಗು ನಿಲ್ಲುತ್ತದೆ.

ನಮ್ಮ ಕಡೆ ಸಾವಿನ ಮನೆಯಲ್ಲಿ ನಗೋದು ಹೊಸದೇನಲ್ಲ. ಅಡುಗೆಗೆ ಉಪ್ಪು ಜಾಸ್ತಿ ಆಯ್ತು ಅಂತ ಜಗಳ ಆಡೋರೂ ಅಲ್ಲೇ ಇರ್ತಾರೆ, ಹೋದವರು ಹೇಳುತ್ತಿದ್ದ ಪೋಲಿ ಜೋಕು ನೆನೆಸಿಕೊಂಡು ನಗೋರೂ ಇರ್ತಾರೆ. ದೊಡ್ಡಪ್ಪ ಇದನ್ನೆಲ್ಲ ನೋಡಿರುತ್ತಾರೆ.

ಮಲಯಾಳಂ ನೋಡುವ ಅಭ್ಯಾಸ ಇದ್ದರೆ ಲಿಜೊ ಜೋಸ್ ಪೆಲ್ಲಿಶ್ಶೇರಿ ಅವರ 2018ರ ‘ಈ.ಮ.ಯೌ.’ ಕೂಡ ನೋಡು. ಕಡಲ ತೀರದ ಊರು. ಅಪ್ಪನಿಗೆ ಅದ್ದೂರಿ ಅಂತ್ಯಕ್ರಿಯೆ ಮಾಡುತ್ತೇನೆ ಅಂತ ಮಗ ಮಾತು ಕೊಡುತ್ತಾನೆ, ಅದೇ ರಾತ್ರಿ ಅಪ್ಪ ತೀರಿಕೊಳ್ಳುತ್ತಾರೆ. ಆಮೇಲೆ ಮಳೆ, ಸಾಲ, ಅನುಮಾನ ಪಡೋ ಪಾದ್ರಿ, ಒಂದೂ ಮಗನ ಕೈ ಹಿಡಿಯೋದಿಲ್ಲ.

ಕೊನೇಸಾಲಿನವನು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ತಿಥಿ’ ನಿನ್ನೆ ರಾತ್ರಿ ದೊಡ್ಡಪ್ಪನ ಜೊತೆ ಕೂತು ನೋಡಿದೆ. ಅವರು ಶುರುವಿನಿಂದಲೇ ನಕ್ಕರು. ಕೇಳಿದ್ದಕ್ಕೆ, “ಇವರು ನಮ್ಮವರು ಕಣೋ, ನಗಬಹುದು. ಆ ರಷ್ಯಾದವರ ಮೇಲೆ ನಗೋಕೆ ನಾವ್ಯಾರು?” ಅಂದರು. ಇದಕ್ಕೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಮೇಷ್ಟ್ರೇ, ಕರಾವಳಿ ಅಕ್ಕ, ಇದೂ ಒಂದು ಪ್ರಶ್ನೆ ಅಲ್ವಾ?

ಕರಾವಳಿ ಹುಡುಗಿ:

ಹೌದು, ದೊಡ್ಡ ಪ್ರಶ್ನೆನೇ. ಎರಡೂ ಇಂಗ್ಲಿಷ್‌ನಲ್ಲಿ ತೆಗೆದದ್ದು, ಹೊರಗಿನವರು ತೆಗೆದದ್ದು. ಆದರೆ ‘ಚೆರ್ನೋಬಿಲ್’ನಲ್ಲಿ ಬೆಂಕಿ ಆರಿಸೋನ ಹೆಂಡತಿ ಲ್ಯುಡ್ಮಿಲಾ ಕಥೆ ಇದೆಯಲ್ಲ, ಅದು ಬಂದದ್ದು ಬೆಲಾರೂಸ್‌ನ ಲೇಖಕಿ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಅಲ್ಲಿನ ಜನರನ್ನೇ ಮಾತಾಡಿಸಿ ಬರೆದ ಪುಸ್ತಕದಿಂದ. ಆ ದನಿ ಒಳಗಿನದು. ಸ್ಟಾಲಿನ್ ಚಿತ್ರದಲ್ಲಿ ಆ ಥರದ ದನಿ ನನಗೆ ಸಿಗಲಿಲ್ಲ. ಅದು ನನ್ನ ತಕರಾರು, ಚಿತ್ರ ಇಷ್ಟ ಆದರೂ ಸಹ.

ಇತಿಹಾಸದ ಮೇಷ್ಟ್ರು:

ತಕರಾರು ನ್ಯಾಯವಾಗಿದೆ ತಾಯಿ. ನಾನು ಇಷ್ಟು ಸೇರಿಸುತ್ತೇನೆ. ಸ್ಟಾಲಿನ್‌ನ ಮಂತ್ರಿ ಮೊಲೊಟೊವ್‌ನ ದೃಶ್ಯ ನೋಡಿ. ಅವನ ಹೆಂಡತಿ ಪೊಲಿನಾಳನ್ನು ಸ್ಟಾಲಿನ್ ನಿಜವಾಗಿ ಸೆರೆಗೆ ಕಳಿಸಿದ್ದ. ಸ್ಟಾಲಿನ್ ಸತ್ತ ಮೇಲೆ ಅವಳು ಬಿಡುಗಡೆಯಾಗಿ ಬಂದದ್ದೂ ನಿಜ. ಚಿತ್ರದಲ್ಲಿ ಮೊಲೊಟೊವ್ ಅವಳನ್ನು ದ್ರೋಹಿ ಅಂತ ಬೈಯುತ್ತಾ ಇರುವಾಗಲೇ ಬೆರಿಯಾ ಅವಳನ್ನು ಮನೆಗೆ ಕರೆದುಕೊಂಡು ಬರುತ್ತಾನೆ. ಆ ಕ್ಷಣ ಮೊಲೊಟೊವ್ ಆಗಿರುವ ಮೈಕೆಲ್ ಪೇಲಿನ್ ಮುಖ ನೋಡು. ಹೆಂಡತಿಯನ್ನು ಪ್ರೀತಿಸುತ್ತಾನೆ, ಆದರೆ ಪಕ್ಷ ಈಗ ಅವಳ ಬಗ್ಗೆ ಏನು ಹೇಳುತ್ತಿದೆ ಅಂತ ತಿಳಿಯದೆ ಪ್ರೀತಿ ತೋರಿಸೋಕೂ ಹೆದರುತ್ತಾನೆ. ನಿಮ್ಮ ದೊಡ್ಡಪ್ಪನಿಗೆ ಪೂರ್ತಿ ಚಿತ್ರ ಬೇಡ, ಈ ಒಂದು ದೃಶ್ಯ ಹಾಕಿ ತೋರಿಸು. ಅವರು ನಕ್ಕರೋ ಇಲ್ಲವೋ ಬಂದು ಇಲ್ಲಿ ಬರೆ. ಭಾನುವಾರದ ಮಾತನ್ನೂ ಅಲ್ಲಿಂದಲೇ ಶುರು ಮಾಡಬಹುದು, ಆಮೇಲೆ ನೇರವಾಗಿ 3.6ಕ್ಕೆ ಹೋಗು.